ಹದಿನೆಂಟು ಚರಣ ದೂರದ ಊರು

ಸಾನ್ ಎವಾರಿಸ್ತೊ ನಗರದಿಂದ ಪುಯೆರ್ತೊ ಲೋರೊ ನಗರಕ್ಕೆ ಆಕಾಶಮಾರ್ಗದಲ್ಲಿ ನೂರ ಎಂಟು ಕಿಲೋಮೀಟರ್ ದೂರವಿದೆ ಎಂಬುದನ್ನು ಎರಡೂ ಪ್ರಾಂತ್ಯ ಸರ್ಕಾರಗಳು ಒಪ್ಪಿಕೊಂಡಿದ್ದವು. ವಿಮಾನ ಪ್ರಯಾಣದ ಅವಧಿ ಇಪ್ಪತ್ತೆರಡು ನಿಮಿಷ ಎಂಬುದಕ್ಕೂ ಯಾರ ತಕರಾರೂ ಇರಲಿಲ್ಲ. ನಡುವೆ ನಿಂತಿರುವ ಆಂಡಿಸ್ ಪರ್ವತದ ಒಪ್ಪಿಗೆಯನ್ನು ಮಾತ್ರ ಪಡೆದಿರಲಿಲ್ಲ. ಆದ್ದರಿಂದ ರಸ್ತೆಯಲ್ಲಿ ಹೋದರೆ ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ಮಳೆಗಾಲದಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ವಾಪಸು ಬಂದವರನ್ನು ಕೇಳಿ ತಿಳಿಯಬೇಕು. ಅಂಥವರು ನನಗೆ ಇನ್ನೂ ಸಿಕ್ಕಿಲ್ಲ.

ನಾನು ಸದರಿ ಪ್ರಾಂತ್ಯಗಳ ಜಂಟಿ ಅಂತರ ಮತ್ತು ಅವಧಿ ನಿರ್ದೇಶನಾಲಯದಲ್ಲಿ ಪ್ರಕಟಣಾ ಗುಮಾಸ್ತ. ಎರಡು ಊರುಗಳ ನಡುವಿನ ದೂರ ಬದಲಾಗದಂತೆ ನೋಡಿಕೊಳ್ಳುವುದು ನಮ್ಮ ಕಚೇರಿಯ ಕರ್ತವ್ಯ. ಹಲವು ವರ್ಷ ಅದು ಒಂದಿಂಚೂ ಬದಲಾಗಲಿಲ್ಲ. ಅದಕ್ಕಾಗಿ ನಮಗೆ ಎರಡು ಸಲ ಪ್ರಶಸ್ತಿಪತ್ರ ಬಂದಿದೆ. ಸಾನ್ ಎವಾರಿಸ್ತೊ ಮೇಲ್ನಾಡಿನ ಊರು. ಚಳಿ ಹೆಚ್ಚು, ಜನ ಬಿಗಿ. ಪುಯೆರ್ತೊ ಲೋರೊ ಕೆಳಗಿನ ಕಾಡುನಾಡಿನಲ್ಲಿರುವ ನದಿ ಬಂದರು. ಸೆಕೆ ಹೆಚ್ಚು, ಜನ ಸಡಿಲ. ಮೇಲಿನವರು ಕೆಳಗಿನವರನ್ನು ಸೋಮಾರಿಗಳೆನ್ನುತ್ತಾರೆ, ಕೆಳಗಿನವರು ಮೇಲಿನವರನ್ನು ಮುಖ ಗಂಟಿಕ್ಕಿಕೊಂಡೇ ಹುಟ್ಟಿದವರೆನ್ನುತ್ತಾರೆ. ಇಬ್ಬರೂ ಒಪ್ಪುವ ವಿಷಯ ಒಂದೇ, ಅದು ಸಲ್ತೇನ್ಯಾ.

ಸಲ್ತೇನ್ಯಾ ಎಂದರೆ ಒಲೆಯೊಳಗೆ ಕೆಂಪಗೆ ಬೆಂದ, ಅಂಗೈಯಷ್ಟು ದೊಡ್ಡ ಕಡುಬು. ಒಳಗೆ ಮಾಂಸ, ಆಲೂಗಡ್ಡೆ, ಒಂದು ಆಲಿವ್ ಕಾಯಿ, ಮತ್ತು ನಾಲಿಗೆ ಸುಡುವ ಸಾರು. ಅದನ್ನು ನೆಟ್ಟಗೆ ಹಿಡಿದು, ಮೇಲಿನ ತುದಿ ಕಚ್ಚಿ, ಮೊದಲು ಸಾರು ಹೀರಿ ಆಮೇಲೆ ತಿನ್ನಬೇಕು. ತೊಟ್ಟು ಸಾರು ಚೆಲ್ಲಿದರೂ ಚೆಲ್ಲಿದವನು ಜೊತೆಗಿದ್ದವರೆಲ್ಲರ ತಿಂಡಿಯ ಖರ್ಚು ಕೊಡಬೇಕು. ಇದಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಸಲ್ತೇನ್ಯಾ ಬೆಳಗಿನ ತಿಂಡಿ. ಇಗರ್ಜಿಯ ಗಂಟೆ ಹನ್ನೆರಡು ಬಾರಿಸಿದ ಮೇಲೆ ಅದನ್ನು ಮುಟ್ಟುವವರು ನಮ್ಮಲ್ಲಿಲ್ಲ. ಹೆಂಡತಿ ಬಿಟ್ಟುಹೋದವರು, ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವರು ಕೂಡ ಆ ಮಟ್ಟಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ.

ಲೋರೊದ ಸೆಕೆಗೆ ಹಿಟ್ಟು ಜೋಲುತ್ತದೆ. ಅಲ್ಲಿ ಸಲ್ತೇನ್ಯಾ ಬೇಯಿಸಲು ಹೋದವರೆಲ್ಲ ಕೈಚೆಲ್ಲಿದ್ದಾರೆ. ಹಾಗಾಗಿ ಆ ಊರಿಗೆ ಸಲ್ತೇನ್ಯಾ ಕೊಡುತ್ತಿದ್ದವಳು ಮೇಲ್ನಾಡಿನ ವಿಧವೆ ದೋನ್ಯಾ ಬಾಸಿಲಿಯಾ ತೋರ್ರಿಕೊ. ಹಿರಿಯ ಹೆಂಗಸರನ್ನು ನಮ್ಮಲ್ಲಿ ಗೌರವಕ್ಕೆ ದೋನ್ಯಾ ಎನ್ನುತ್ತಾರೆ, ಗಂಡಸರನ್ನು ದೋನ್. ತಾಯಿ ಕೈಯಾರೆ ಕಟ್ಟಿಕೊಟ್ಟ ಮಣ್ಣಿನ ಒಲೆಯಲ್ಲಿ ಬಾಸಿಲಿಯಾ ಬೇಯಿಸಿ, ಎರಡು ಬುಟ್ಟಿಗಳಿಗೆ ತುಂಬಿ, ಕಂಬಳಿ ಸುತ್ತಿ, ಬೆನ್ನಿಗೆ ಕಟ್ಟಿಕೊಂಡು ದಿನದ ಏಕೈಕ ವಿಮಾನ ಹತ್ತುವಳು. ರನ್‌ವೇ ಮೇಲಿನ ಮಂಜು ಕರಗಿ ವಿಮಾನ ಏಳುವಾಗ ಹತ್ತೂವರೆ. ಹನ್ನೊಂದಕ್ಕೆಲ್ಲ ಲೋರೊದ ಚೌಕದಲ್ಲಿ, ಗಂಟೆಗೋಪುರದ ಕೆಳಗೆ ಅವಳ ಕಂಬಳಿ ಬಿಚ್ಚಿರುತ್ತಿತ್ತು. ಹನ್ನೆರಡಕ್ಕೆ ಬುಟ್ಟಿ ಖಾಲಿ. ಆ ಒಲೆ ಹೀಗೆ ವರ್ಷಗಟ್ಟಲೆ ಆರದೆ ಉರಿಯುತ್ತಿತ್ತು.

ಇಂಥ ಸುಸ್ಥಿತಿಯಲ್ಲಿ ಲೋರೊ ಪ್ರಾಂತ್ಯದ ಗವರ್ನರ್ ಪೆರ್ಸಿ ಬಾಲ್ಕಾಸಾರ್ ಅವರು ಒಮ್ಮೆ ಅದೇ ವಿಮಾನದಲ್ಲಿ ತಮ್ಮೂರಿಗೆ ಹೊರಟರು. ವಿಮಾನ ಏರುವಾಗ ಮೇಲ್ನಾಡಿನ ನಾಡಗೀತೆಯ ಒಂದು ಚರಣ, ಇಳಿಯುವಾಗ ಲೋರೊದ ನಾಡಗೀತೆಯ ಒಂದು ಚರಣ ಹಾಕುವುದು ಮೊದಲಿನಿಂದ ಬಂದ ಪದ್ಧತಿ. ಅಂದು ಗವರ್ನರರ ಗೌರವಾರ್ಥ ಪೂರ್ತಿ ಗೀತೆ ಹಾಕಲಾಯಿತು. ಎರಡನೆಯ ಚರಣದಲ್ಲಿ ಗವರ್ನರರ ಮುತ್ತಜ್ಜನ ಹೆಸರು ಬರುತ್ತದೆ. ಆ ಹೆಸರು ಬರುವ ಹೊತ್ತಿಗೆ ಸರಿಯಾಗಿ ಚಕ್ರಗಳು ನೆಲಕ್ಕೆ ತಾಗಿ ಧಡ್ ಎಂದು ಸದ್ದಾಯಿತು. ಮುತ್ತಜ್ಜ ಕೇಳಿಸಲಿಲ್ಲ.

ಗವರ್ನರರು ಮೆಟ್ಟಿಲ ಮೇಲೇ ನಿಂತರು. "ನಮ್ಮ ಮುತ್ತಜ್ಜನ್ನ ನೆಲಕ್ಕೆ ಅಪ್ಪಳಿಸಿಬಿಟ್ರಲ್ರೀ."

"ಅಪ್ಪಳಿಸಿದ್ದು ವಿಮಾನ, ಸ್ವಾಮಿ," ಎಂದರು ಕ್ಯಾಪ್ಟನ್ ತೆರ್ರಾಸಾಸ್.

"ಅದು ಮೂರನೇ ಚರಣದಲ್ಲಿ ಅಪ್ಪಳಿಸಬಹುದಿತ್ತು."

ಅಂದೇ ಲೋರೊದ ಪ್ರಾಂತ್ಯಸಭೆ ತುರ್ತಾಗಿ ಸೇರಿ ನಿರ್ಣಯ ಮಾಡಿತು. ಪ್ರಕಟಣೆಯನ್ನು ಬರೆದವನು ನಾನೇ ಆದ್ದರಿಂದ ಅದರ ಭಾಷೆಯನ್ನು ಹೊಗಳುವುದು ಸರಿಯಲ್ಲ, ಆದರೂ ಕೇಳಿ: "ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಲೋರೊ ಪ್ರಾಂತ್ಯದ ನಾಡಗೀತೆಯ ಎಂಟೂ ಚರಣಗಳು ಮುಗಿಯದ ಹೊರತು ಯಾವುದೇ ವಿಮಾನವು ಪ್ರಾಂತ್ಯದ ನೆಲವನ್ನು ಮುಟ್ಟತಕ್ಕದ್ದಲ್ಲ. ಇಂಧನ ಮುಗಿದ ಮಾತ್ರಕ್ಕೆ ಗೀತೆ ಮುಗಿಯಿತೆಂದು ಭಾವಿಸತಕ್ಕದ್ದಲ್ಲ." ಇದನ್ನು ಓದಿದ ಮೇಲ್ನಾಡಿನವರು ಸುಮ್ಮನಿರುತ್ತಾರೆಯೇ? ತಮ್ಮ ಗೀತೆಯ ಏಳೂ ಚರಣಗಳನ್ನು ಅದಕ್ಕಿಂತ ಮೊದಲು ಹಾಡತಕ್ಕದ್ದೆಂದು ಮರುದಿನವೇ ಆದೇಶ ಹೊರಡಿಸಿದರು.

ಗೀತೆಯನ್ನು ಎದೆಯ ಮೇಲೆ ಕೈಯಿಟ್ಟು ನಿಂತೇ ಹಾಡಬೇಕು. ಕುಳಿತು ಹಾಡಿದ್ದು ಗೀತೆಯಲ್ಲ, ಗುನುಗು. ಆದರೆ ವಿಮಾನ ಏರುವಾಗಲೂ ಇಳಿಯುವಾಗಲೂ ಬೆಲ್ಟ್ ಬಿಗಿದು ಕೂತಿರಬೇಕು. ಆದ್ದರಿಂದ ಹದಿನೈದು ಚರಣಗಳನ್ನೂ ನಡುವಿನ ಸಮತಟ್ಟು ಹಾರಾಟದಲ್ಲೇ ಮುಗಿಸಬೇಕಾಯಿತು. ಆ ಹಾರಾಟವಿದ್ದದ್ದು ಎರಡು ಚರಣಕ್ಕಾಗುವಷ್ಟು.

ಕ್ಯಾಪ್ಟನ್ ಕಚೇರಿಗೆ ಬಂದರು. "ಎಲ್ರೀ ಸುತ್ತಲಿ ನಾನು? ಒಂದು ಕಡೆ ಪರ್ವತ, ಇನ್ನೊಂದು ಕಡೆನೂ ಪರ್ವತ."

ನಮ್ಮ ನಿರ್ದೇಶಕರು ಡಾಕ್ಟರ್ ಬಾಕಾಫ್ಲೋರ್. ವಕೀಲಿ ಓದಿದವರನ್ನು ನಮ್ಮಲ್ಲಿ ಡಾಕ್ಟರ್ ಎನ್ನುತ್ತಾರೆ. ಅವರು ಯಾರನ್ನೂ ಗುಣಪಡಿಸಿದ ದಾಖಲೆಯಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, "ಸುತ್ತೋದಕ್ಕೆ ಜಾಗ ಯಾಕ್ರೀ ಕ್ಯಾಪ್ಟನ್, ಗೌರವ ಇದ್ರೆ ಸಾಕು," ಎಂದರು.

ವಿಮಾನ ಗೌರವದಿಂದ ಸುತ್ತತೊಡಗಿತು. ಗೀತೆಯಿದ್ದ ಮೇಲೆ ಭಾಷಣವಿಲ್ಲದಿದ್ದರೆ ನಮ್ಮಲ್ಲಿ ಅದನ್ನು ಸಭೆ ಎನ್ನುವುದಿಲ್ಲ, ಆದ್ದರಿಂದ ಭಾಷಣ ಸೇರಿತು. ಭಾಷಣವಿದ್ದ ಮೇಲೆ ವಂದನಾರ್ಪಣೆ ಬೇಕೇ ಬೇಕು. ಶುಭಕಾರ್ಯಕ್ಕೆ ಮುಂಚೆ ಭೂತಾಯಿಗೆ ಒಂದು ಗುಟುಕು ಮದ್ಯವನ್ನು ನೆಲಕ್ಕೆ ಚೆಲ್ಲುವ ಪದ್ಧತಿಯೂ ಇದೆ. ನೆಲ ಬಹಳ ಕೆಳಗಿದ್ದುದರಿಂದ, "ವಿಮಾನದ ಜಮಖಾನೆಯನ್ನು ಹಾರಾಟದ ಅವಧಿಗೆ ಮಾತ್ರ ಭೂಮಿ ಎಂದು ಪರಿಗಣಿಸಲಾಗಿದೆ" ಎಂದು ನಾನು ಇನ್ನೊಂದು ಪ್ರಕಟಣೆ ಬರೆದೆ. ಹೀಗೆ ಇಪ್ಪತ್ತೆರಡು ನಿಮಿಷದ ದಾರಿ ಎರಡು ಗಂಟೆಯ ಹತ್ತಿರ ಬಂತು.

ದೋನ್ಯಾ ಬಾಸಿಲಿಯಾ ಮೊದಲ ದಿನ ಲೋರೊದ ಚೌಕ ಮುಟ್ಟಿದಾಗ ಹನ್ನೆರಡರ ಗಂಟೆ ಬಾರಿಸಿ ಆಗಿತ್ತು. ಅವಳು ಕಂಬಳಿ ಬಿಚ್ಚಿದಳು. ಜನ ಬಂದರು, ವಾಸನೆ ನೋಡಿದರು, ಗೋಪುರದ ಕಡೆ ನೋಡಿದರು, ನಿಟ್ಟುಸಿರು ಬಿಟ್ಟು ಹೋದರು. ಅದೇ ವಿಮಾನದಲ್ಲಿ ಅಂದೇ ಮಧ್ಯಾಹ್ನ ಹಿಂತಿರುಗಿದ ಅವಳು ನೇರವಾಗಿ ನಮ್ಮ ಕಚೇರಿಗೇ ಬಂದು ಬುಟ್ಟಿಗಳನ್ನು ಡಾಕ್ಟರರ ಮೇಜಿನ ಮೇಲಿಟ್ಟಳು.

"ಡಾಕ್ಟರೇ, ಎರಡು ಬುಟ್ಟಿ ತುಂಬಿಸ್ಕೊಂಡು ಹೋದೆ, ಎರಡೂ ತುಂಬಿದ ಹಾಗೇ ವಾಪಸ್ ತಂದೆ. ನಾನೇನು ಸಲ್ತೇನ್ಯಾಗಳಿಗೆ ಊರು ತೋರಿಸ್ಕೊಂಡು ಬರೋಕೆ ಹೋಗಿದ್ನಾ?"

"ಅವುಗಳಿಗೆ ಟಿಕೆಟ್ ಇತ್ತೇನಮ್ಮ?" ಎಂದು ಡಾಕ್ಟರ್ ಕೇಳಿದರು.

"ತಮಾಷೆ ಬೇಡಿ. ಒಂದು ನಾಲ್ಕು ಚರಣ ಬಿಡಿಸಿ, ಸಾಕು. ನಾನೂ ಮೇಲ್ನಾಡಿನೋಳೇ, ನನಗೂ ಅಭಿಮಾನ ಇದೆ. ಆದ್ರೆ ಅಭಿಮಾನ ಇಟ್ಕೊಂಡು ಬಿಸಿ ಇಡೋಕಾಗಲ್ಲ."

"ಯಾವ ಚರಣ ಬಿಡಲಿ, ನೀವೇ ಹೇಳಿ. ಲೋರೊದ್ದರಲ್ಲಿ ಎರಡನೇದು ಗವರ್ನರ ಮುತ್ತಜ್ಜ. ಮೂರನೇದು ಸಭಾಧ್ಯಕ್ಷರ ಅಜ್ಜಿ ಕಡೆಯೋರು. ನಾಲ್ಕನೇದರಲ್ಲಿ ಒಂದು ಕುದುರೆ ಬರುತ್ತೆ."

"ಕುದುರೆ ಬಿಡಿ."

"ಅದು ಈಗಿನ ಹಣಕಾಸು ಕಾರ್ಯದರ್ಶಿಗಳ ಮನೇದು. ಐದನೇದು ನದಿ. ನದಿ ಬಿಟ್ರೆ ಮೀನುಗಾರರು ರಸ್ತೆ ತಡೆ ಮಾಡ್ತಾರೆ. ನೋಡಿ ದೋನ್ಯಾ, ಚರಣದಲ್ಲಿರೋರು, ಇಲ್ಲಾ ಅವರ ಕಡೆಯೋರು, ಬದುಕಿರೋವರೆಗೂ ಚರಣ ಬಿಡೋ ಹಂಗಿಲ್ಲ. ನಿಯಮ."

"ಹಾಗಾದ್ರೆ ಬೇಗ ಬೇಗ ಹಾಡಿಸಿ."

ಇದನ್ನು ಡಾಕ್ಟರ್ ಒಪ್ಪಿದರು, ಅಷ್ಟರ ಮಟ್ಟಿಗೆ ಅವರು ಉದಾರಿಗಳು. ಮರುದಿನ ಗೀತೆಗಳನ್ನು ಎರಡರಷ್ಟು ವೇಗದಲ್ಲಿ ನುಡಿಸಲಾಯಿತು. ಲೋರೊದ ಪ್ರಯಾಣಿಕರು ಎರಡನೆಯ ಚರಣಕ್ಕೇ ಸೊಂಟ ಕುಣಿಸುತ್ತಾ ಸೀಟುಗಳ ನಡುವೆ ಬಂದರು. ಮೇಲ್ನಾಡಿನವರು ಎದೆಯ ಮೇಲೆ ಕೈಯಿಟ್ಟುಕೊಂಡು ತಮ್ಮ ಹುತಾತ್ಮರನ್ನು ಯಾರೋ ಅಟ್ಟಿಸಿಕೊಂಡು ಹೋಗುತ್ತಿರುವಂತೆ ಮುಖ ಮಾಡಿದರು. ವಿಮಾನ ವಾಲಿತು. ಎರಡೂ ಪ್ರಾಂತ್ಯಗಳಿಂದ ದೂರು ಬಂದದ್ದರಿಂದ ಪ್ರಯೋಗವನ್ನು ಕೈಬಿಡಲಾಯಿತು.

ಅವಳು ಮತ್ತೆ ಬಂದು, ವಿಮಾನವನ್ನು ಒಂಬತ್ತಕ್ಕೇ ಬಿಡಿ ಎಂದಳು. "ಮಂಜು ನಮ್ಮ ಇಲಾಖೆ ವ್ಯಾಪ್ತೀಲಿ ಬರಲ್ಲಮ್ಮ," ಎಂದರು ಡಾಕ್ಟರ್. ಹೊರಡುವ ಮುಂಚೆ ಅವಳು ಒಂದು ಸಲ್ತೇನ್ಯಾ ತೆಗೆದು ಅವರ ಮುಂದಿಟ್ಟಳು, ಹಾಳಾಗುವ ಬದಲು ತಿನ್ನಲಿ ಎಂದು. ಆಗ ಮಧ್ಯಾಹ್ನ ಮೂರು ಗಂಟೆ. ಡಾಕ್ಟರ್ ಗಡಿಯಾರ ನೋಡಿದರು, ಬಾಗಿಲು ನೋಡಿದರು, ಬಣ್ಣಗೆಟ್ಟರು. "ಮುಚ್ಚಿಡಿ ದೋನ್ಯಾ, ಯಾರಾದ್ರೂ ನೋಡಿದ್ರೆ ನನ್ನ ಗತಿ ಏನು? ಮಕ್ಕಳ ಮದುವೆ ಮಾಡಬೇಕು ನಾನು."

ಈ ನಡುವೆ ಒಂದು ಒಳ್ಳೆಯ ಬೆಳವಣಿಗೆಯಾಯಿತು. ನಮ್ಮ ನಿಯಮಗಳ ಪ್ರಕಾರ ಒಂದು ಗಂಟೆಗಿಂತ ಕಡಿಮೆ ಅವಧಿಯದ್ದು ಪ್ರಯಾಣವಲ್ಲ, ಬರೀ ಓಡಾಟ. ಓಡಾಟಕ್ಕೆ ಭತ್ಯೆಯಿಲ್ಲ. ಲೋರೊ ಈಗ ಪ್ರಯಾಣವಾಯಿತು. ಹಿಂದೆ ಆ ಊರಿನ ಹೆಸರೆತ್ತಿದರೆ ಸೊಳ್ಳೆ ಕಚ್ಚಿದಂತೆ ಆಡುತ್ತಿದ್ದ ಅಧಿಕಾರಿಗಳೆಲ್ಲ ಅಲ್ಲಿ ತುರ್ತು ಕೆಲಸಗಳಿರುವುದನ್ನು ಪತ್ತೆಹಚ್ಚಿದರು. ಪಶುವೈದ್ಯಾಧಿಕಾರಿಗಳು ಒಂದೇ ಹಸುವನ್ನು ವಾರಕ್ಕೆ ಮೂರು ಸಲ ನೋಡಿ ಬಂದರು. ವಿಮಾನ ತುಂಬಿ ತುಳುಕಿತು, ಎಲ್ಲರ ಕಂಠದಲ್ಲೂ ನಾಡಭಕ್ತಿ ಉಕ್ಕಿತು, ಪಲ್ಲವಿಯನ್ನು ಇನ್ನೊಮ್ಮೆ ಹಾಡೋಣ ಎನ್ನುವವರೂ ಹುಟ್ಟಿಕೊಂಡರು. ಚರಣ ಕಡಿಮೆ ಮಾಡಬೇಕೆನ್ನುವವಳು ಇಡೀ ಎರಡು ಪ್ರಾಂತ್ಯಗಳಲ್ಲಿ ಬಾಸಿಲಿಯಾ ಒಬ್ಬಳೇ ಉಳಿದಳು.

ಆಮೇಲೆ ಲೆಕ್ಕ ತಪಾಸಣೆಯವರು ಬಂದರು. ನೂರ ಎಂಟು ಕಿಲೋಮೀಟರಿಗೆ ಎರಡು ಗಂಟೆ ಹಿಡಿದರೆ, ಅಷ್ಟು ನಿಧಾನ ಹೋಗುವ ವಿಮಾನ ಕೆಳಗೆ ಬೀಳಬೇಕು. ವಿಮಾನ ಬಿದ್ದಿಲ್ಲ. ಆದ್ದರಿಂದ ದೂರ ತಪ್ಪಾಗಿದೆ. ಈ ತರ್ಕದಲ್ಲಿ ಡಾಕ್ಟರ್ ಒಂದು ದೋಷವನ್ನೂ ಕಾಣಲಿಲ್ಲ. ಅಂದೇ ದೂರವನ್ನು ಆರುನೂರು ಕಿಲೋಮೀಟರಿಗೆ ತಿದ್ದಿ ಆದೇಶವಾಯಿತು. ನಿರ್ದೇಶನಾಲಯ ಹುಟ್ಟಿದಂದಿನಿಂದ ನಾವು ಮಾಡಿದ ಮೊದಲ ಕೆಲಸ ಅದು. ಕಚೇರಿಯಲ್ಲಿ ಸಿಹಿ ಹಂಚಿದೆವು.

ದೂರ ಹೆಚ್ಚಿದ ಮೇಲೆ ನಡುವೆ ಭೂಮಿಯೂ ಹೆಚ್ಚಿರಲೇಬೇಕಲ್ಲ. ಹೆಚ್ಚುವರಿ ಭೂಮಿ ತಮ್ಮದೆಂದು ಎರಡೂ ಪ್ರಾಂತ್ಯಗಳು ಹಕ್ಕು ಸಾಧಿಸಿ, ಕೊನೆಗೆ ಪಾಲು ಮಾಡಿಕೊಂಡವು. ಎರಡು ಕಡೆಯಿಂದಲೂ ಅಲ್ಲಿಗೆ ಉಪಾಧಿಕಾರಿಗಳ ನೇಮಕವಾಯಿತು. ಒಂದು ಶಾಲೆಗೆ ಶಂಕುಸ್ಥಾಪನೆಯೂ ಆಯಿತು. ಸ್ಥಳ ಸಿಗುವವರೆಗೆ ಆ ಕಲ್ಲನ್ನು ನಮ್ಮ ಕಚೇರಿಯ ಹಿತ್ತಲಲ್ಲಿ ಇರಿಸಲಾಗಿದೆ. ಹೊಸ ನೆಲಕ್ಕೆ ನಾಡಗೀತೆಯಲ್ಲಿ ಜಾಗ ಕೊಡದಿದ್ದರೆ ಅಲ್ಲಿನ ಜನರಿಗೆ ನೋವಾಗುತ್ತದೆಂದು, ಅಲ್ಲಿ ಜನ ಇಲ್ಲದಿದ್ದರೂ, ಇಬ್ಬರೂ ಒಂದೊಂದು ಚರಣ ಸೇರಿಸಿದರು. ಹದಿನೇಳಾಯಿತು.

ಆ ವಾರ ಭತ್ಯೆಯ ಸಂಬಂಧ ನಾನೂ ಲೋರೊಗೆ ಹೋದೆ. ದೋನ್ಯಾ ಬಾಸಿಲಿಯಾ ಪಕ್ಕದ ಸೀಟಿನಲ್ಲಿದ್ದಳು. ಭಾಷಣದ ಹೊತ್ತಿಗೆ ಎಲ್ಲರೂ ಕೂತಾಗ ನನ್ನ ಕಡೆ ತಿರುಗಿದಳು. ಖಾಯಂ ಗಿರಾಕಿಯನ್ನು ನಮ್ಮ ಸಂತೆಯ ಹೆಂಗಸರು ಕಾಸೆರಿತೊ ಎನ್ನುತ್ತಾರೆ.

"ಇವತ್ತೇ ಕೊನೆ, ಕಾಸೆರಿತೊ. ನಾಳೆಯಿಂದ ಒಲೆ ಉರಿಸಲ್ಲ."

"ಸ್ವಲ್ಪ ದಿನ ನೋಡಿ ದೋನ್ಯಾ."

"ಏನು ನೋಡೋದು? ಹಿಟ್ಟು ಹಾಕಿ ಹಾಕಿ ಹಂದಿಗಳಿಗೆ ತಿನ್ನಿಸ್ತಿದೀನಿ. ಅಮ್ಮ ಕಟ್ಟಿದ ಒಲೆ ಅದು. ಒಂದು ಸಲ ಪೂರ್ತಿ ತಣ್ಣಗಾದ್ರೆ ಬಿರುಕು ಬಿಡುತ್ತೆ. ಮತ್ತೆ ಹಾಗೆ ಕಟ್ಟೋರು ಯಾರೂ ಬದುಕಿಲ್ಲ."

ನನಗೆ ನಿಜವಾಗಿ ದುಃಖವಾಯಿತು. ಅಷ್ಟು ದುಃಖದಲ್ಲೂ ಕಂಬಳಿಯೊಳಗಿಂದ ಬರುತ್ತಿದ್ದ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಮನುಷ್ಯ ಜಾತಿಯೇ ಅಷ್ಟು. ಹನ್ನೊಂದನೆಯ ಚರಣಕ್ಕೆ ಮತ್ತೆ ಎದ್ದು ನಿಂತೆವು.

ನಾವು ಲೋರೊದ ಚೌಕಕ್ಕೆ ಬಂದಾಗ ಬಿಸಿಲು ನೆತ್ತಿಯಿಂದ ಯಾವಾಗಲೋ ಜಾರಿತ್ತು. ಆದರೆ ಚೌಕದ ತುಂಬ ಜನ ನಿಂತಿದ್ದರು. ಗಂಟೆ ಬಾರಿಸುವ ದೋನ್ ಲಿಸಾರ್ದೊ, ಅರವತ್ತು ದಾಟಿದ ಬ್ರಹ್ಮಚಾರಿ, ಗೋಪುರದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ. ಗಂಟೆಯ ಹಗ್ಗದ ತುದಿ ಅವನ ಮಡಿಲಲ್ಲಿ ಸುರುಳಿಯಾಗಿ ಬಿದ್ದಿತ್ತು. ಪ್ರತಿದಿನ ಬಾಸಿಲಿಯಾಳ ಮೊದಲ ಸಲ್ತೇನ್ಯಾ ತಿಂದು ಹನ್ನೆರಡು ಬಾರಿಸುತ್ತಿದ್ದವನು ಅವನು.

"ಏನು ದೋನ್ ಲಿಸಾರ್ದೊ, ಹನ್ನೆರಡು ಹೊಡೀಲಿಲ್ವಾ?" ಎಂದಳು ಅವಳು.

"ಹೊಡೀಬೇಕು. ಹಗ್ಗ ಎಳೆಯೋಕೆ ಮೈಯಲ್ಲಿ ಬಲ ಬೇಕಲ್ಲ. ಬಲ ನಿನ್ನ ಬುಟ್ಟೀಲಿತ್ತು, ಬುಟ್ಟಿ ಮೋಡದಲ್ಲಿತ್ತು. ನಾನೇನು ಮಾಡ್ಲಿ?"

"ಇಷ್ಟು ದಿನ ಬಲ ಎಲ್ಲಿಂದ ಬಂತು?"

"ಹಳೇ ದಾಸ್ತಾನು. ನಿನ್ನೆಗೆ ಮುಗೀತು."

ಗುಂಪಿನಲ್ಲಿದ್ದ ಯುವಕನೊಬ್ಬ ಜೇಬಿನಿಂದ ಫೋನು ತೆಗೆದು, "ಇದರಲ್ಲಿ ಒಂದೂವರೆ ತೋರಿಸ್ತಿದೆ," ಎಂದ. ಅವನ ಪಕ್ಕದಲ್ಲಿದ್ದ ಮುದುಕಿ ಅವನ ಕೈಗೆ ಹೊಡೆದಳು. "ಫೋನಿಗೆ ಹೊಟ್ಟೆ ಹಸಿಯುತ್ತೇನೋ? ಒಳಗಿಡು." ಅವನು ಇಟ್ಟ. ಬಾಸಿಲಿಯಾ ಕಂಬಳಿ ಬಿಚ್ಚಿದಳು. ಸ್ವಲ್ಪ ಹೊತ್ತಿನಲ್ಲೇ ಎರಡೂ ಬುಟ್ಟಿ ಖಾಲಿಯಾದವು. ಲಿಸಾರ್ದೊ ತನ್ನ ಪಾಲಿನದನ್ನು ಒಂದು ತೊಟ್ಟೂ ಚೆಲ್ಲದೆ ತಿಂದು, ಕೈ ಒರೆಸಿಕೊಂಡು, ಹಗ್ಗ ಎಳೆದ. ಊರಿಗೆ ಮಧ್ಯಾಹ್ನವಾಯಿತು. ಮೇಲ್ನಾಡಿನಲ್ಲಿ ಒಲೆ ಆರಲಿಲ್ಲ.

ಅಂದಿನಿಂದ ದಿನವೂ ಹೀಗೇ ನಡೆಯಿತು. ಇದರಿಂದ ತೊಂದರೆಗೊಳಗಾದವರು ಲೋರೊದ ಸರ್ಕಾರಿ ನೌಕರರು. ಅವರ ಊಟ ಮತ್ತು ನಿದ್ದೆ ಶುರುವಾಗುವುದು ಹನ್ನೆರಡರ ಗಂಟೆಯಿಂದ. ಗಂಟೆಯಾಗದ ಕಾರಣ ಅವರು ಕುರ್ಚಿಯಲ್ಲೇ ಕೂತಿರಬೇಕಾಯಿತು, ಬೇಸರ ತಾಳಲಾರದೆ ಕೆಲವರು ಕೆಲಸ ಮಾಡಿದರೆಂದೂ ವರದಿಯಾಗಿದೆ. ನೌಕರರ ಸಂಘದ ದೂರಿನ ಮೇರೆಗೆ, ಮಧ್ಯಾಹ್ನವನ್ನು ತಡೆಹಿಡಿದ ಆರೋಪದ ವಿಚಾರಣೆಗೆ ಏಕ ಸದಸ್ಯ ಆಯೋಗ ರಚನೆಯಾಯಿತು. ಆಯೋಗವೆಂದರೆ ಡಾಕ್ಟರ್ ಬಾಕಾಫ್ಲೋರ್. ಕಾರ್ಯದರ್ಶಿ ನಾನು.

ಆಯೋಗ ಅದೇ ವಿಮಾನದಲ್ಲಿ ಹೊರಟು, ಹದಿನೇಳು ಚರಣ ಹಾಡಿ, ತನ್ನನ್ನೇ ಕುರಿತು ಒಂದು ಭಾಷಣ ಮಾಡಿ, ಹಸಿದು ಕಂಗಾಲಾಗಿ ಲೋರೊದ ಚೌಕ ತಲುಪಿತು. ಲಿಸಾರ್ದೊ ಎದ್ದು ನಿಂತ.

"ಮಧ್ಯಾಹ್ನವನ್ನ ತಡೆದದ್ದು ನೀವೇನಾ?"

"ನಾನು ತಡೀಲಿಲ್ಲ ಡಾಕ್ಟರೇ. ಕರೀಲಿಲ್ಲ ಅಷ್ಟೆ."

"ಇದು ಗಂಭೀರ ವಿಷಯ. ಕೆಲಸ ಹೋಗುತ್ತೆ ನಿಮ್ಮದು. ಈ ದೋನ್ಯಾಳ ವ್ಯಾಪಾರಕ್ಕೂ ತಡೆ ಬೀಳುತ್ತೆ."

ಬಾಸಿಲಿಯಾ ಅಷ್ಟರಲ್ಲಿ ಕಂಬಳಿ ಬಿಚ್ಚಿದ್ದಳು. ಆಯೋಗದ ಮೂಗು ತಾನಾಗಿ ಆ ಕಡೆ ತಿರುಗಿತು. ಅವಳು ಎಲ್ಲಕ್ಕಿಂತ ಕೆಂಪಗೆ ಬೆಂದದ್ದನ್ನು ಆರಿಸಿ ಅವರ ಕೈಗೆ ಕೊಟ್ಟಳು. ಆಯೋಗ ಹೇಳುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ತುದಿ ಕಚ್ಚಿತು. ಹಸಿವಿನ ಅವಸರಕ್ಕೆ ಸಾರು ಗಲ್ಲದಿಂದ ಜಾರಿ, ರೇಷ್ಮೆ ಟೈ ಮೇಲೆ ಉದ್ದಕ್ಕೆ ಇಳಿಯಿತು. ಚೌಕದಲ್ಲಿದ್ದವರೆಲ್ಲ ಕೈ ತಟ್ಟಿದರು, ಯಾಕೆಂದರೆ ಎಲ್ಲರ ತಿಂಡಿಯ ಖರ್ಚೂ ಅವರ ತಲೆಗೆ ಬಿತ್ತು.

ಆಗ ಅದೇ ಫೋನಿನ ಯುವಕ, ಪಾಪ, ಕೆಟ್ಟ ಉದ್ದೇಶದಿಂದಲ್ಲ, ಸುಮ್ಮನೆ ಹೇಳಿದ: "ಡಾಕ್ಟರೇ, ಈಗ ಎರಡು ಗಂಟೆ."

ಡಾಕ್ಟರರ ಬಾಯಿ ತುಂಬಿತ್ತು. ಉಗಿಯುವಂತಿರಲಿಲ್ಲ, ನುಂಗುವಂತಿರಲಿಲ್ಲ. ಮೂವತ್ತು ವರ್ಷ ವಕೀಲಿ ಮಾಡಿದ ತಲೆ ಒಳಗೆ ಗಿರ್ರನೆ ತಿರುಗುತ್ತಿರುವುದು ನನಗೆ ಅವರ ಕಿವಿಗಳಲ್ಲೇ ಕಾಣುತ್ತಿತ್ತು. ಅವರು ನಿಧಾನವಾಗಿ ಅಗಿದು, ನುಂಗಿ, ನನ್ನ ಕಡೆ ತಿರುಗಿದರು.

"ಬರ್ಕೊಳ್ಳಿ. ವಿಚಾರಣೆ ಮುಗೀತು."

ವರದಿ ಹೀಗಿದೆ: "ಆಯೋಗದ ಅಧ್ಯಕ್ಷರು ಕುಲೀನರೂ ವಿದ್ಯಾವಂತರೂ ಆಗಿದ್ದು, ಮಧ್ಯಾಹ್ನದ ನಂತರ ಸಲ್ತೇನ್ಯಾ ತಿನ್ನುವವರಲ್ಲ. ಸದರಿ ಅಧ್ಯಕ್ಷರು ಸಾರ್ವಜನಿಕರ ಸಮ್ಮುಖದಲ್ಲಿ ಸಲ್ತೇನ್ಯಾ ತಿಂದಿರುವುದು ಅವರ ಟೈಯಿಂದ ರುಜುವಾತಾಗಿದೆ. ಆದಕಾರಣ ಆ ಸಮಯದಲ್ಲಿ ಮಧ್ಯಾಹ್ನವಾಗಿರಲಿಲ್ಲ. ಆಗದೇ ಇದ್ದ ಮಧ್ಯಾಹ್ನವನ್ನು ತಡೆಹಿಡಿಯಲು ಯಾರಿಂದಲೂ ಸಾಧ್ಯವಿಲ್ಲವಾದ್ದರಿಂದ ಆಪಾದಿತರನ್ನು ಖುಲಾಸೆಗೊಳಿಸಲಾಗಿದೆ."

ಇದರ ಆಧಾರದ ಮೇಲೆ ಲೋರೊ ಪ್ರಾಂತ್ಯಸಭೆ ಕಾನೂನು ಮಾಡಿತು. ಪುಯೆರ್ತೊ ಲೋರೊದಲ್ಲಿ ಮಧ್ಯಾಹ್ನವು ವಿಮಾನ ಇಳಿದು, ಬುಟ್ಟಿ ಬಿಚ್ಚಿ, ಕೊನೆಯ ಸಲ್ತೇನ್ಯಾ ಮುಗಿದ ಬಳಿಕ ಆಗತಕ್ಕದ್ದು. ಅಲ್ಲಿಯವರೆಗೆ ಬೆಳಗ್ಗೆ. ವಿಮಾನ ಇನ್ನು ಮುಂದೆ ಎಂದೂ ತಡವಾಗಿ ಇಳಿಯುವುದು ಸಾಧ್ಯವಿಲ್ಲದ್ದರಿಂದ ಸಮಯಪಾಲನೆಗಾಗಿ ನಮಗೆ ಮೂರನೆಯ ಪ್ರಶಸ್ತಿಪತ್ರ ಬಂತು. ಭತ್ಯೆಗೆ ಮಾತ್ರ ಮೇಲ್ನಾಡಿನ ಗಡಿಯಾರವನ್ನೇ ನೋಡಬೇಕೆಂದು ನೌಕರರು ಕೇಳಿದರು, ಅದನ್ನೂ ಒಪ್ಪಲಾಯಿತು. ನೌಕರರ ಸಂಘ ತೃಪ್ತಿ ಸೂಚಿಸಿ ಕುರ್ಚಿಯಲ್ಲೇ ಮಲಗಲು ಅನುಮತಿ ಪಡೆಯಿತು.

ಜೂನ್ ತಿಂಗಳಲ್ಲಿ ಒಮ್ಮೆ ಮಂಜು ಮೂರು ದಿನ ಕರಗಲಿಲ್ಲ. ವಿಮಾನ ಏಳಲಿಲ್ಲ. ಲೋರೊದಲ್ಲಿ ಮೂರು ದಿನವೂ ಬೆಳಗ್ಗೆಯೇ ಇತ್ತು. ಆಗಾಗ ಕತ್ತಲಾದದ್ದನ್ನು ಸರ್ಕಾರ ಗಮನಿಸಿದೆ. ಬೆಳಗಿನ ಪಾಳಿಯ ಮಕ್ಕಳು ಶಾಲೆಯಲ್ಲೇ ಉಳಿದು ಗುಣಾಕಾರದಲ್ಲಿ ಪಳಗಿದರು. ಮಧ್ಯಾಹ್ನ ಮದುವೆ ಇಟ್ಟುಕೊಂಡಿದ್ದ ಜೋಡಿಯೊಂದು ಕಾದು ಕಾದು, ಅಷ್ಟರಲ್ಲಿ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥ ಮಾಡಿಕೊಂಡು, ಬೇರೆಯಾಯಿತು. ಯಾರೂ ಗೊಣಗಲಿಲ್ಲ. ಆಡಳಿತ ನಡೆಯುವ ರೀತಿಯೇ ಹೀಗೆ ಎಂದು ನಮ್ಮ ಜನಕ್ಕೆ ಗೊತ್ತಿದೆ.

ಎರಡು ಪ್ರಾಂತ್ಯಗಳಿಗೆ ಇಷ್ಟು ಕೀರ್ತಿ ತಂದ ದೋನ್ಯಾ ಬಾಸಿಲಿಯಾಳನ್ನು ಗೌರವಿಸದಿದ್ದರೆ ಕೃತಘ್ನತೆಯಾಗುತ್ತದೆಂದು ವರ್ಷದ ಕೊನೆಗೆ ಇಬ್ಬರು ಗವರ್ನರರಿಗೂ ಒಟ್ಟಿಗೆ ಅನ್ನಿಸಿತು. ಜಂಟಿಯಾಗಿ ಹೊಸ ಚರಣವೊಂದನ್ನು ಬರೆಸಿ, ಎಲ್ಲಕ್ಕಿಂತ ಕೊನೆಗೆ ಸೇರಿಸಿದರು. "ಎರಡು ನಾಡಿನ ಬಿಸಿಯ ತಾಯೆ, ಆರದಿರಲಿ ನಿನ್ನ ಒಲೆ" ಎಂದು ಅದರ ಮೊದಲ ಸಾಲು. ಬಹಳ ಉದ್ದದ ಚರಣ. ಅದರಲ್ಲಿ ಹಿಟ್ಟು ನಾದುವುದರಿಂದ ಹಿಡಿದು ಎಲ್ಲವೂ ಬರುತ್ತದೆ.

ಹದಿನೆಂಟನೆಯ ಚರಣ ಮೊದಲ ಸಲ ಹಾಡಿದ ದಿನ ಮಂಜು ತಡವಾಗಿ ಕರಗಿತ್ತು. ನಾವು ಏರಿದ್ದೇ ಮೂರು ಗಂಟೆಗೆ. ಉದ್ಘಾಟನೆಯ ದಿನವಾದ್ದರಿಂದ ಭಾಷಣಗಳೂ ಹೆಚ್ಚಿದ್ದವು. ಬಾಸಿಲಿಯಾ ಒಂದು ಕೈ ಎದೆಯ ಮೇಲಿಟ್ಟು, ಇನ್ನೊಂದು ಕೈಯನ್ನು ಕಂಬಳಿಯೊಳಗೆ ತೂರಿಸಿ ಬುಟ್ಟಿಯನ್ನು ಮುಟ್ಟಿ ನೋಡುತ್ತಿದ್ದಳು. ತನ್ನ ಚರಣ ಶುರುವಾದಾಗ ಮುಂದಿನ ಸಾಲಿನಲ್ಲಿ ನಿಂತಿದ್ದ ಡಾಕ್ಟರರ ತೋಳು ಜಗ್ಗಿದಳು.

"ಡಾಕ್ಟರೇ, ಗೌರವ ಸಾಕು. ಇದೊಂದನ್ನ ಬಿಡಿಸಿಬಿಡಿ. ಸಾರು ತಣ್ಣಗಾಗ್ತಿದೆ."

"ಚರಣದಲ್ಲಿರೋರು ಬದುಕಿರೋವರೆಗೂ ಬಿಡೋ ಹಂಗಿಲ್ಲ ದೋನ್ಯಾ. ಅವತ್ತೇ ಹೇಳಿದ್ನಲ್ಲ."

"ನಾನು ಸತ್ರೆ?"

ಡಾಕ್ಟರ್ ಯೋಚಿಸಿದರು. "ಆಗ ಒಂದು ನಿಮಿಷದ ಮೌನ ಬೇರೆ ಸೇರಿಸಬೇಕಾಗುತ್ತೆ."

ಅವಳು ಲೆಕ್ಕ ಹಾಕಿದಂತೆ ಕಂಡಿತು. "ಹಾಗಾದ್ರೆ ಬದುಕೇ ಇರ್ತೀನಿ ಬಿಡಿ," ಎಂದು ಮತ್ತೆ ಹಾಡಿಗೆ ಸೇರಿಕೊಂಡಳು.

ಲೋರೊದ ಚೌಕದಲ್ಲಿ ಅವಳು ಕಂಬಳಿ ಬಿಚ್ಚಿದಾಗ ಹಬೆ ಏಳಲಿಲ್ಲ. ಅವಳು ತಲೆ ತಗ್ಗಿಸಿ ಕೂತಳು. ನನ್ನ ಚೀಲದಲ್ಲಿ ಒಂದು ಪ್ರಕಟಣೆ ಸಿದ್ಧವಿತ್ತು: ತಣ್ಣಗಿರುವ ಸಲ್ತೇನ್ಯಾವನ್ನು ಗವರ್ನರರ ಮುಂದಿನ ಆದೇಶದವರೆಗೆ ಬಿಸಿಯೆಂದು ಪರಿಗಣಿಸತಕ್ಕದ್ದು. ಅದನ್ನು ಓದುವ ಅಗತ್ಯವೇ ಬೀಳಲಿಲ್ಲ. ದೋನ್ ಲಿಸಾರ್ದೊ ಮುಂದೆ ಬಂದು ಬುಟ್ಟಿಯಿಂದ ಒಂದನ್ನು ಎತ್ತಿಕೊಂಡ. ಎತ್ತಿದವನು ತಟ್ಟನೆ ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಾಯಿಸಿದ.

"ಸ್ವಲ್ಪ ಆರಿಸಿ ತರಬಾರದೇನೇ?" ಎಂದ. "ಕೈ ಸುಟ್ಟೋಯ್ತು."

ಅವಳು ತಲೆಯೆತ್ತಿ ನೋಡಿದಳು. ಅವನು ತುದಿ ಕಚ್ಚಿ, ಊದಿ ಊದಿ ಸಾರು ಹೀರಿದ. ಹಿಂದೆ ನಿಂತಿದ್ದವರೂ ಒಬ್ಬೊಬ್ಬರಾಗಿ ತಗೊಂಡು ಊದತೊಡಗಿದರು. ಫೋನಿನ ಯುವಕನೂ ಊದಿದ, ಡಾಕ್ಟರರೂ ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ಊದಿದರು, ನಾನೂ ಊದಿದೆ. ಬುಟ್ಟಿ ಖಾಲಿಯಾದ ಮೇಲೆ ಲಿಸಾರ್ದೊ ಎದ್ದು ಹಗ್ಗ ಎಳೆದ. ಹನ್ನೆರಡಾಯಿತು. ನದಿಯ ಮೇಲಿನ ದೋಣಿಗಳಲ್ಲಿ ಆಗಲೇ ದೀಪ ಹಚ್ಚಿದ್ದರು.